ಮನುಷ್ಯನನ್ನು ಅಳೆದ ಗಣಿತಜ್ಞ ಅಡಾಲ್ಫ್ ಕೆಟ್ಲೆ

ಪ್ರತಿ ವರ್ಷವೂ ನಮ್ಮ ಶಾಲೆಯಲ್ಲಿ ಆರೋಗ್ಯ ತಪಾಸಣೆಯ ದಿನವೊಂದು ಬರುತ್ತದೆ. ಗೋಡೆಗೆ ಅಳತೆಪಟ್ಟಿ ಅಂಟಿಸಿ, ನೆಲದ ಮೇಲೆ ತೂಕದ ಯಂತ್ರ ಇಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಎತ್ತರವನ್ನೂ ತೂಕವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಬಹಳ ವರ್ಷಗಳ ಕಾಲ ನಾವು ಆ ಅಂಕಿಗಳನ್ನು ಇಡೀ ತರಗತಿಗೆ ಕೇಳಿಸುವಂತೆ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದೆವು. ಬರೆದುಕೊಳ್ಳುವವರಿಗೆ ಅನುಕೂಲವಾಗಲಿ ಎಂಬುದಷ್ಟೇ ನಮ್ಮ ಯೋಚನೆ. ಅಂಕಿ ದೊಡ್ಡದಾದರೂ ನಗು, ಚಿಕ್ಕದಾದರೂ ನಗು. ಯಂತ್ರದಿಂದ ಇಳಿದ ಮಗು ತಲೆ ತಗ್ಗಿಸಿಕೊಂಡು ಹೋಗುವುದನ್ನು ನಾವು ಕಂಡೂ ಕಾಣದವರಂತೆ ಇದ್ದೆವು. ತೂಕದ ದಿನವೇ ಹೊಟ್ಟೆನೋವು ಬರುವ ಮಕ್ಕಳೂ ಇದ್ದರು. ಅದು ಯಾವ ಬಗೆಯ ಹೊಟ್ಟೆನೋವು ಎಂದು ವಿಚಾರಿಸುವ ವ್ಯವಧಾನ ನಮಗಿರಲಿಲ್ಲ.

ಈಗ ಆ ಪುಸ್ತಕದಲ್ಲಿ ಎತ್ತರ, ತೂಕಗಳ ಪಕ್ಕದಲ್ಲಿ ಮೂರನೆಯ ಅಂಕಣವೊಂದು ಸೇರಿದೆ. ಅದೇ ದೇಹ ದ್ರವ್ಯರಾಶಿ ಸೂಚ್ಯಂಕ, ಆಸ್ಪತ್ರೆಗಳಲ್ಲಿ ಬಿ.ಎಂ.ಐ. ಎಂದು ಕರೆಯುವುದು ಇದನ್ನೇ. ಈ ಸೂಚ್ಯಂಕದ ಮೂಲವನ್ನು ಹುಡುಕುತ್ತ ಹೋದರೆ ನಮಗೆ ಸಿಗುವವನು ವೈದ್ಯನಲ್ಲ, ನಕ್ಷತ್ರಗಳನ್ನು ನೋಡುತ್ತಿದ್ದ ಒಬ್ಬ ಗಣಿತಜ್ಞ. ಅವನ ಹೆಸರು ಅಡಾಲ್ಫ್ ಕೆಟ್ಲೆ. ಅವನು ಏಕೆ ಮನುಷ್ಯರನ್ನು ತೂಗಿದ ಎಂಬುದನ್ನು ತಿಳಿದುಕೊಂಡರೆ, ಈ ಸಂಖ್ಯೆ ನಮಗೆ ಏನು ಹೇಳಬಲ್ಲದು, ಏನು ಹೇಳಲಾರದು ಎಂಬುದೂ ತಿಳಿಯುತ್ತದೆ. ಆದುದರಿಂದ ಅವನ ಜೀವನವನ್ನು ವಿದ್ಯಾರ್ಥಿಗಳ ಮುಂದೆಯೂ ಅವರ ಹೆತ್ತವರ ಮುಂದೆಯೂ ಇಡಬೇಕೆಂದು ನಮಗೆ ತೋರಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲ್ಯಾಂಬರ್ಟ್ ಅಡಾಲ್ಫ್ ಜಾಕ್ ಕೆಟ್ಲೆ 1796ನೆಯ ಇಸವಿ ಫೆಬ್ರವರಿ 22ರಂದು ಯುರೋಪಿನ ಗೆಂಟ್ ನಗರದಲ್ಲಿ ಜನಿಸಿದನು. ಗೆಂಟ್ ಇಂದು ಬೆಲ್ಜಿಯಂ ದೇಶದಲ್ಲಿದೆ. ಆದರೆ ಅವನು ಹುಟ್ಟಿದಾಗ ಬೆಲ್ಜಿಯಂ ಎಂಬ ಸ್ವತಂತ್ರ ದೇಶವೇ ಇರಲಿಲ್ಲ. ಆ ನಗರ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು. 1815ರಲ್ಲಿ ನೆಪೋಲಿಯನ್ನನ ಪತನವಾದಾಗ ಅದು ನೆದರ್ಲೆಂಡ್ಸಿನ ರಾಜನ ಕೈಸೇರಿತು. 1830ರಲ್ಲಿ ಕ್ರಾಂತಿ ನಡೆದು ಬೆಲ್ಜಿಯಂ ಪ್ರತ್ಯೇಕ ದೇಶವಾಯಿತು. ಹೀಗೆ ಮೂವತ್ತೈದು ವರ್ಷ ತುಂಬುವುದರೊಳಗೆ ಕೆಟ್ಲೆ ಮೂರು ರಾಜ್ಯಗಳ ಪ್ರಜೆಯಾದನು. ಗೆಂಟ್ ನಗರದ ಸಾಮಾನ್ಯ ಜನರ ಮಾತು ಡಚ್. ಅವನು ಓದಿ ಬರೆದದ್ದು ಫ್ರೆಂಚ್ ಭಾಷೆಯಲ್ಲಿ. ಗಡಿನಾಡಿನವರಾದ ನಮಗೆ ಇದು ಅಪರಿಚಿತ ಸಂಗತಿಯಲ್ಲ. ನಮ್ಮ ಕಾಸರಗೋಡಿನ ಹಿರಿಯರೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವರು, 1956ರ ನವೆಂಬರ್ 1ರಂದು, ಮನೆಯ ಹೊಸ್ತಿಲನ್ನು ದಾಟದೆಯೇ ಕೇರಳದವರಾದರು.

ಕೆಟ್ಲೆಯ ತಂದೆ ಫ್ರಾನ್ಸಿನ ಪಿಕಾರ್ಡಿ ಪ್ರಾಂತದಿಂದ ಬಂದು ಗೆಂಟ್‌ನಲ್ಲಿ ನೆಲೆಸಿದವನು. ಮಗನಿಗೆ ಏಳು ವರ್ಷವಾಗಿದ್ದಾಗಲೇ ಅವನು ತೀರಿಕೊಂಡನು. ಹುಡುಗ ಊರಿನ ಶಾಲೆಯಲ್ಲಿ ಚೆನ್ನಾಗಿ ಓದಿದನಾದರೂ ಮನೆಯ ಪರಿಸ್ಥಿತಿಯಿಂದಾಗಿ ಬೇಗನೆ ದುಡಿಮೆಗೆ ಇಳಿಯಬೇಕಾಯಿತು. 1815ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಗೆಂಟ್‌ನ ಕಾಲೇಜೊಂದರಲ್ಲಿ ಗಣಿತದ ಅಧ್ಯಾಪಕನಾದನು.

ಆಗ ಅವನ ಮನಸ್ಸು ಗಣಿತಕ್ಕಿಂತ ಹೆಚ್ಚಾಗಿ ಕಾವ್ಯದಲ್ಲಿತ್ತು, ಚಿತ್ರಕಲೆಯಲ್ಲಿತ್ತು. ಪದ್ಯ ಬರೆಯುತ್ತಿದ್ದನು, ಚಿತ್ರ ಬಿಡಿಸುತ್ತಿದ್ದನು. ಗೆಳೆಯ ಡಾಂಡ್ಲೆಂ ಎಂಬವನ ಜೊತೆಗೂಡಿ ಒಂದು ಗೀತನಾಟಕವನ್ನೂ ರಚಿಸಿದನು. ಈ ಡಾಂಡ್ಲೆಂ ಕೂಡ ಮುಂದೆ ಗಣಿತಜ್ಞನೆಂದೇ ಹೆಸರಾದನು. 1817ರಲ್ಲಿ ಗೆಂಟ್‌ನಲ್ಲಿ ವಿಶ್ವವಿದ್ಯಾನಿಲಯ ಆರಂಭವಾಯಿತು. ಅಲ್ಲಿಗೆ ಬಂದ ಗಾರ್ನಿಯೇ ಎಂಬ ಪ್ರಾಧ್ಯಾಪಕನ ಪ್ರಭಾವದಿಂದ ಕೆಟ್ಲೆಯ ಒಲವು ಗಣಿತದತ್ತ ತಿರುಗಿತು. 1819ರಲ್ಲಿ ಅವನು ರೇಖಾಗಣಿತದ ವಿಷಯವಾಗಿ ಪ್ರಬಂಧ ಬರೆದು ಡಾಕ್ಟರ್ ಪದವಿ ಪಡೆದನು. ಅದೇ ವರ್ಷ ಬ್ರಸೆಲ್ಸ್ ನಗರಕ್ಕೆ ಹೋಗಿ ಅಲ್ಲಿ ಗಣಿತ ಕಲಿಸತೊಡಗಿದನು. ಮರುವರ್ಷವೇ ಅಲ್ಲಿನ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು. ಅವನು ಒಳ್ಳೆಯ ಉಪನ್ಯಾಸಕನಾಗಿದ್ದನು. ಸಾರ್ವಜನಿಕರಿಗಾಗಿಯೂ ವಿಜ್ಞಾನದ ಉಪನ್ಯಾಸಗಳನ್ನು ಕೊಡುತ್ತಿದ್ದನು.

ನಕ್ಷತ್ರಗಳಿಂದ ಮನುಷ್ಯರ ಕಡೆಗೆ

ಬ್ರಸೆಲ್ಸ್‌ನಲ್ಲಿ ಒಂದು ಖಗೋಳ ವೀಕ್ಷಣಾಲಯ ಬೇಕೆಂಬುದು ಕೆಟ್ಲೆಯ ಹಂಬಲ. ಸರಕಾರವನ್ನು ಅವನು ಬಿಡದೆ ಒತ್ತಾಯಿಸಿದನು. ವೀಕ್ಷಣಾಲಯವನ್ನು ನಡೆಸುವ ಬಗೆಯನ್ನು ಕಲಿತು ಬರಲು ಸರಕಾರ 1823ರಲ್ಲಿ ಅವನನ್ನು ಪ್ಯಾರಿಸಿಗೆ ಕಳುಹಿಸಿತು. ಪ್ಯಾರಿಸ್ ಆಗ ವಿಜ್ಞಾನದ ರಾಜಧಾನಿ. ಖಗೋಳಜ್ಞರಾದ ಬುವಾರ್, ಅರಾಗೊ ಮುಂತಾದವರ ಪರಿಚಯ ಅಲ್ಲಿ ಆಯಿತು. ಲಾಪ್ಲಾಸ್, ಫೂರಿಯೇ ಮೊದಲಾದ ಮಹಾ ಗಣಿತಜ್ಞರಿಂದ ಸಂಭವನೀಯತೆಯ ಶಾಸ್ತ್ರದ ರುಚಿ ಹತ್ತಿತು.

ಈ ಶಾಸ್ತ್ರಕ್ಕೂ ಆಕಾಶಕ್ಕೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ನಕ್ಷತ್ರದ ಸ್ಥಾನವನ್ನು ನೂರು ಸಲ ಅಳೆದರೆ ನೂರು ಸಲವೂ ಒಂದೇ ಉತ್ತರ ಬರುವುದಿಲ್ಲ. ಕಣ್ಣಿನ ದೋಷ, ಉಪಕರಣದ ದೋಷ, ಗಾಳಿಯ ಚಲನೆ, ಇವುಗಳಿಂದಾಗಿ ಉತ್ತರ ಸ್ವಲ್ಪ ಆಚೀಚೆ ಆಗುತ್ತದೆ. ಹೆಚ್ಚಿನ ಉತ್ತರಗಳು ನಡುವೆ ಗುಂಪುಗೂಡುತ್ತವೆ. ದೂರ ಸರಿದಂತೆ ಅವುಗಳ ಸಂಖ್ಯೆ ಕಡಿಮೆಯಾಗುತ್ತ ಹೋಗುತ್ತದೆ. ಕಾಗದದ ಮೇಲೆ ಗೆರೆ ಎಳೆದರೆ ದೇವಸ್ಥಾನದ ಗಂಟೆಯನ್ನು ಮಗುಚಿ ಇಟ್ಟ ಆಕಾರ ಬರುತ್ತದೆ. ಖಗೋಳಜ್ಞರು ಈ ಅಳತೆಗಳ ಸರಾಸರಿಯನ್ನು ತೆಗೆದುಕೊಂಡು ಅದನ್ನೇ ನಕ್ಷತ್ರದ ನಿಜವಾದ ಸ್ಥಾನವೆಂದು ಒಪ್ಪುತ್ತಾರೆ. ಉಳಿದ ವ್ಯತ್ಯಾಸಗಳೆಲ್ಲ ತಪ್ಪುಗಳೇ. ಕೆಟ್ಲೆ ಈ ಉಪಾಯವನ್ನು ಪ್ಯಾರಿಸಿನಲ್ಲಿ ಕಲಿತನು. ಮುಂದೆ ಅವನು ಮಾಡಿದ ದೊಡ್ಡ ಕೆಲಸಕ್ಕೂ, ಅವನಿಂದಾದ ದೊಡ್ಡ ತಪ್ಪಿಗೂ ಬೀಜ ಇದೇ.

1826ರಲ್ಲಿ ವೀಕ್ಷಣಾಲಯಕ್ಕೆ ರಾಜಾಜ್ಞೆ ದೊರೆಯಿತು. 1828ರಲ್ಲಿ ಕೆಟ್ಲೆ ಅದರ ನಿರ್ದೇಶಕನಾದನು. ಆದರೆ ಕಟ್ಟಡದ ಕೆಲಸ ಮುಗಿಯುವ ಮೊದಲೇ 1830ರ ಕ್ರಾಂತಿ ಬಂತು. ಆಗ ಅವನು ಇಟಲಿಯ ಪ್ರವಾಸದಲ್ಲಿದ್ದನು. ನಕ್ಷತ್ರ ನೋಡಬೇಕಾಗಿದ್ದ ಕಟ್ಟಡ ಹೋರಾಟಗಾರರ ಕೋಟೆಯಾಯಿತು. ವೀಕ್ಷಣಾಲಯ ಸಜ್ಜಾಗುವವರೆಗೆ ಸುಮ್ಮನೆ ಕುಳಿತುಕೊಳ್ಳುವ ಸ್ವಭಾವ ಅವನದಲ್ಲ. ಅವನ ದೃಷ್ಟಿ ಮನುಷ್ಯರ ಕಡೆಗೆ ಹೊರಳಿತು.

ಅದಕ್ಕೆ ಮೊದಲೇ ಜನಗಣತಿಯ ವಿಷಯದಲ್ಲಿ ಅವನಿಗೊಂದು ಪಾಠ ಸಿಕ್ಕಿತ್ತು. ಕೆಲವು ಊರುಗಳಲ್ಲಿ ಮಾತ್ರ ಜನರನ್ನು ಎಣಿಸಿ, ಜನನಗಳ ಸಂಖ್ಯೆಯ ಆಧಾರದಿಂದ ಇಡೀ ದೇಶದ ಲೆಕ್ಕ ಕಟ್ಟಬಹುದೆಂದು ಅವನು ಯೋಚಿಸಿದ್ದನು. ಕೆವರ್ಬರ್ಗ್ ಎಂಬ ಅನುಭವಿ ಅಧಿಕಾರಿ ಅದನ್ನು ಒಪ್ಪಲಿಲ್ಲ. ಬೆಟ್ಟದ ಊರು, ಬಯಲಿನ ಊರು, ಬಡವರ ಕೇರಿ, ಸಿರಿವಂತರ ಕೇರಿ, ಒಂದೊಂದರ ಸ್ಥಿತಿಯೂ ಬೇರೆ. ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದಲಾರದು ಎಂಬುದು ಆತನ ವಾದ. ಕೆಟ್ಲೆ ತನ್ನ ಯೋಚನೆಯನ್ನು ಬಿಟ್ಟು ಆ ಮಾತನ್ನು ಒಪ್ಪಿಕೊಂಡನು. ಮುಂದೆ 1846ರಲ್ಲಿ ಅವನ ನೇತೃತ್ವದಲ್ಲಿ ನಡೆದ ಬೆಲ್ಜಿಯಂ ಜನಗಣತಿ ಪೂರ್ಣ ಎಣಿಕೆಯದಾಗಿದ್ದು ಬೇರೆ ದೇಶಗಳಿಗೆ ಮಾದರಿಯಾಯಿತು.

ಎತ್ತರ ಮತ್ತು ತೂಕದ ಸಂಬಂಧ

ಮಗು ಹುಟ್ಟಿದಾಗ ಎಷ್ಟು ಉದ್ದ ಇರುತ್ತದೆ? ಯಾವ ವಯಸ್ಸಿನಲ್ಲಿ ಎಷ್ಟು ಬೆಳೆಯುತ್ತದೆ? ಬೆಳವಣಿಗೆ ಯಾವಾಗ ನಿಲ್ಲುತ್ತದೆ? ಇವು ಎಲ್ಲ ತಾಯಂದಿರೂ ಕೇಳುವ ಪ್ರಶ್ನೆಗಳು. ಆದರೆ ಇವುಗಳಿಗೆ ಅಂಕಿಗಳಲ್ಲಿ ಕ್ರಮವಾಗಿ ಉತ್ತರ ಹುಡುಕಿದವರು ಅಂದು ಬಹಳ ಕಡಿಮೆ. ಕೆಟ್ಲೆ ಬ್ರಸೆಲ್ಸ್‌ನ ಹೆರಿಗೆ ಆಸ್ಪತ್ರೆಯ ಶಿಶುಗಳಿಂದ ಹಿಡಿದು ಮುದುಕರವರೆಗೆ ಗಂಡಸರು, ಹೆಂಗಸರು, ಮಕ್ಕಳ ಅಳತೆಗಳನ್ನು ಸಂಗ್ರಹಿಸಿದನು. ಬಟ್ಟೆ ತೊಟ್ಟು ತೂಗಿದವರ ಲೆಕ್ಕದಿಂದ ಬಟ್ಟೆಯ ತೂಕವನ್ನು ಅಂದಾಜುಮಾಡಿ ಕಳೆಯುವಷ್ಟು ಎಚ್ಚರ ಅವನಿಗಿತ್ತು. ನವಜಾತ ಶಿಶುವಿನ ಉದ್ದ ಸುಮಾರು ಅರ್ಧ ಮೀಟರ್, ತೂಕ ಸುಮಾರು 3 ಕಿಲೋಗ್ರಾಂ ಎಂದು ಕಂಡಿತು. ಎತ್ತರದ ಬಗೆಗಿನ ಪ್ರಬಂಧವನ್ನು 1831ರಲ್ಲಿಯೂ ತೂಕದ ಬಗೆಗಿನದನ್ನು 1832ರಲ್ಲಿಯೂ ಅಕಾಡೆಮಿಯ ಮುಂದಿಟ್ಟನು.

ಈ ಎರಡನೆಯ ಪ್ರಬಂಧದಲ್ಲಿಯೇ ನಮ್ಮ ಸೂಚ್ಯಂಕದ ಬೇರು ಇದೆ. ಇದನ್ನು ಸ್ವಲ್ಪ ಗಣಿತದಿಂದ ನೋಡೋಣ. ಒಂದು ಘನಾಕೃತಿಯ ಕಲ್ಲಿನ ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟಾದರೆ ಅದರ ತೂಕ ಎಂಟರಷ್ಟಾಗುತ್ತದೆ. ಎಂದರೆ ತೂಕ ಎತ್ತರದ ಘನಕ್ಕೆ ಅನುಸಾರವಾಗಿ ಏರುತ್ತದೆ. ಮನುಷ್ಯನೂ ಎಲ್ಲ ದಿಕ್ಕಿನಲ್ಲಿ ಸಮನಾಗಿ ಬೆಳೆಯುವವನಾಗಿದ್ದರೆ ಹೀಗೆಯೇ ಆಗಬೇಕಿತ್ತು. ಆದರೆ ಕೆಟ್ಲೆಯ ಅಂಕಿಗಳು ಬೇರೆಯದನ್ನು ಹೇಳಿದವು. ಹುಟ್ಟಿದ ಮೊದಲ ವರ್ಷದಲ್ಲಿ ಮಾತ್ರ ತೂಕ ಘನದ ರೀತಿಯಲ್ಲಿ ಏರುತ್ತದೆ. ಅಲ್ಲಿಂದ ಹರೆಯದವರೆಗೆ ಸುಮಾರಾಗಿ ಎತ್ತರದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ. ಹರೆಯದಲ್ಲಿ ಮತ್ತೆ ವೇಗ ಪಡೆಯುತ್ತದೆ. ಬೆಳೆದು ನಿಂತ ವಯಸ್ಕರನ್ನು ಒಬ್ಬರೊಡನೊಬ್ಬರನ್ನು ಹೋಲಿಸಿದಾಗಲೂ ಅವರ ತೂಕ ಎತ್ತರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಎತ್ತರದ ಮನುಷ್ಯ ಗಿಡ್ಡ ಮನುಷ್ಯನನ್ನು ಎಲ್ಲ ಕಡೆಗೂ ಸಮನಾಗಿ ಹಿಗ್ಗಿಸಿದ ಪ್ರತಿರೂಪವಲ್ಲ. ಎತ್ತರ ಹೆಚ್ಚಿದಷ್ಟು ಅಗಲ ಹೆಚ್ಚುವುದಿಲ್ಲ.

ಒಂದು ಉದಾಹರಣೆ: 1.50 ಮೀಟರ್ ಎತ್ತರದ ಒಬ್ಬ ವಯಸ್ಕನ ತೂಕ 50 ಕಿಲೋ ಎಂದಿಟ್ಟುಕೊಳ್ಳೋಣ. ಅದೇ ಮೈಕಟ್ಟಿನ, 1.80 ಮೀಟರ್ ಎತ್ತರದವನ ತೂಕ ಎಷ್ಟಿರಬಹುದು? ಎತ್ತರ 1.2 ಪಟ್ಟು. ಘನದ ಲೆಕ್ಕದಲ್ಲಿ ತೂಕ 86 ಕಿಲೋ ದಾಟುತ್ತದೆ. ವರ್ಗದ ಲೆಕ್ಕದಲ್ಲಿ 72 ಕಿಲೋ ಆಗುತ್ತದೆ. ನಮ್ಮ ಸುತ್ತಲಿನ ಜನರನ್ನು ನೋಡಿದರೆ 72 ಎಂಬುದೇ ಸಹಜವೆನಿಸುತ್ತದೆ. ಈಗ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ. 50ನ್ನು 2.25ರಿಂದ ಭಾಗಿಸಿದರೆ 22.2. 72ನ್ನು 3.24ರಿಂದ ಭಾಗಿಸಿದರೂ 22.2. ಎತ್ತರ ಬೇರೆ, ತೂಕ ಬೇರೆ, ಸಂಖ್ಯೆ ಒಂದೇ. ಗಿಡ್ಡನನ್ನೂ ಉದ್ದನೆಯವನನ್ನೂ ಒಂದೇ ತಕ್ಕಡಿಯಲ್ಲಿ ಹೋಲಿಸಲು ಸಾಧ್ಯವಾಗುವುದು ಹೀಗೆ.

ಇಷ್ಟಾದರೂ ಕೆಟ್ಲೆ ಬೊಜ್ಜಿನ ಬಗೆಗೆ ಯೋಚಿಸುತ್ತಿರಲಿಲ್ಲ ಎಂಬುದನ್ನು ನೆನಪಿಡಬೇಕು. ಯಾರು ದಪ್ಪ, ಯಾರು ತೆಳ್ಳಗೆ ಎಂದು ಬೇರ್ಪಡಿಸುವುದು ಅವನ ಉದ್ದೇಶವಾಗಿರಲಿಲ್ಲ. ಮನುಷ್ಯಜಾತಿ ಯಾವ ನಿಯಮದಂತೆ ಬೆಳೆಯುತ್ತದೆ ಎಂಬುದೊಂದೇ ಅವನ ಕುತೂಹಲ.

ಸರಾಸರಿ ಮನುಷ್ಯ

1835ರಲ್ಲಿ ಕೆಟ್ಲೆ ಮನುಷ್ಯನ ಬೆಳವಣಿಗೆಯನ್ನೂ ಸಮಾಜದ ನಿಯಮಗಳನ್ನೂ ಕುರಿತ ತನ್ನ ಮುಖ್ಯ ಗ್ರಂಥವನ್ನು ಪ್ರಕಟಿಸಿದನು. ಎತ್ತರ, ತೂಕ, ಬಲ ಮಾತ್ರವಲ್ಲದೆ ಜನನ, ಮರಣ, ಮದುವೆ, ಅಪರಾಧ ಇವುಗಳ ಅಂಕಿಗಳನ್ನೂ ಅದರಲ್ಲಿ ಒಟ್ಟುಗೂಡಿಸಿದನು. ಫ್ರಾನ್ಸಿನ ನ್ಯಾಯಾಲಯಗಳ ಅಂಕಿಗಳನ್ನು ನೋಡುತ್ತಿದ್ದಾಗ ಅವನಿಗೆ ಒಂದು ಆಶ್ಚರ್ಯ ಕಾದಿತ್ತು. ವರ್ಷದಿಂದ ವರ್ಷಕ್ಕೆ ಅಪರಾಧಗಳ ಸಂಖ್ಯೆ ಹೆಚ್ಚುಕಡಮೆ ಒಂದೇ ಆಗಿತ್ತು. ಯಾವ ಮನುಷ್ಯ ಅಪರಾಧ ಮಾಡುವನೆಂದು ಯಾರೂ ಹೇಳಲಾರರು. ಆದರೆ ಒಟ್ಟು ಎಷ್ಟು ನಡೆಯುವುವೆಂದು ಮುಂಚಿತವಾಗಿ ಹೇಳಬಹುದು. ಹಾಗಿದ್ದರೆ ಅದರ ಕಾರಣ ಒಬ್ಬೊಬ್ಬನ ದುಷ್ಟತನದಲ್ಲಿ ಮಾತ್ರ ಇಲ್ಲ, ಸಮಾಜದ ಸ್ಥಿತಿಯಲ್ಲಿಯೂ ಇದೆ. ಸಮಾಜವನ್ನು ತಿದ್ದಿದರೆ ಅಪರಾಧವೂ ತಗ್ಗೀತು ಎಂದು ಅವನು ತರ್ಕಿಸಿದನು. ಇದು ಅಂದಿನ ಕಾಲಕ್ಕೆ ಹೊಸ ವಿಚಾರ; ಇದರಿಂದ ಅವನು ಟೀಕೆಯನ್ನೂ ಎದುರಿಸಿದನು.

1846ರಲ್ಲಿ ಹೊರತಂದ ಇನ್ನೊಂದು ಪುಸ್ತಕದಲ್ಲಿ 5,700ಕ್ಕೂ ಹೆಚ್ಚು ಸ್ಕಾಟ್ಲೆಂಡಿನ ಸೈನಿಕರ ಎದೆಸುತ್ತಳತೆಯನ್ನು ಅವನು ಪರಿಶೀಲಿಸಿದನು. ಸರಾಸರಿ ಸುಮಾರು 40 ಅಂಗುಲ. ಅದರ ಆಚೀಚೆ ಅಂಕಿಗಳು ಹರಡಿಕೊಂಡ ರೀತಿ, ಖಗೋಳಜ್ಞರು ಕಂಡಿದ್ದ ಆ ಗಂಟೆಯ ಆಕಾರಕ್ಕೆ ಹೊಂದಿಕೊಂಡಿತು. ಇದೇ ರೇಖೆಯಿಂದ ಅವನು ಒಂದು ಕಳ್ಳತನವನ್ನೂ ಹಿಡಿದನು. ಫ್ರಾನ್ಸಿನಲ್ಲಿ 157 ಸೆಂಟಿಮೀಟರಿಗಿಂತ ಕಡಿಮೆ ಎತ್ತರದವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಒಂದು ಲಕ್ಷ ಯುವಕರ ಪಟ್ಟಿಯನ್ನು ನೋಡಿದರೆ ಆ ಮಿತಿಗಿಂತ ಕೆಳಗಿದ್ದವರ ಸಂಖ್ಯೆ ಇರಬೇಕಾದುದಕ್ಕಿಂತ ಹೆಚ್ಚಿತ್ತು; ಮಿತಿಗಿಂತ ಸ್ವಲ್ಪ ಮೇಲಿದ್ದವರ ಸಂಖ್ಯೆ ಅಷ್ಟೇ ಕಡಿಮೆಯಿತ್ತು. ಸುಮಾರು ಎರಡು ಸಾವಿರ ಮಂದಿ ಹೇಗೋ ಕುಗ್ಗಿ ನಿಂತು ಸೈನ್ಯದಿಂದ ತಪ್ಪಿಸಿಕೊಂಡಿದ್ದಾರೆಂದು ಕೆಟ್ಲೆ ಲೆಕ್ಕ ಹಾಕಿದನು. ಅವರಲ್ಲಿ ಒಬ್ಬನನ್ನೂ ಅವನು ಕಂಡಿರಲಿಲ್ಲ. ಇಂಥವನೇ ಎಂದು ಬೆರಳಿಟ್ಟು ತೋರಿಸಲೂ ಆಗುತ್ತಿರಲಿಲ್ಲ. ಗುಂಪಿನ ಬಗೆಗೆ ಅಷ್ಟೊಂದು ಹೇಳಬಲ್ಲ ರೇಖೆ ಒಬ್ಬೊಬ್ಬನ ಬಗೆಗೆ ಮೌನವಾಗಿರುತ್ತದೆ.

ಆದರೆ ಇಲ್ಲಿಯೇ ಅವನು ಎಡವಿದನು. ನಕ್ಷತ್ರದ ವಿಷಯದಲ್ಲಿ ಸರಾಸರಿಯೇ ನಿಜ, ಉಳಿದದ್ದು ತಪ್ಪು. ಮನುಷ್ಯರ ವಿಷಯದಲ್ಲಿಯೂ ಹಾಗೆಯೇ ಎಂದು ಅವನು ಭಾವಿಸಿದನು. ಪ್ರಕೃತಿ ಒಬ್ಬ ಆದರ್ಶ ಮನುಷ್ಯನನ್ನು ಗುರಿಯಾಗಿ ಇಟ್ಟುಕೊಂಡಿದೆ. ಅವನೇ ಸರಾಸರಿ ಮನುಷ್ಯ. ನಾವೆಲ್ಲ ಆ ಗುರಿಯಿಂದ ಅಷ್ಟಿಷ್ಟು ತಪ್ಪಿದವರು ಎಂಬುದು ಅವನ ಕಲ್ಪನೆ. ಫ್ರಾನ್ಸಿನ ಗಣಿತಜ್ಞ ಕೂರ್ನೋ 1843ರಲ್ಲಿ ಇದನ್ನು ಒಂದು ಸರಳ ಯುಕ್ತಿಯಿಂದ ಪ್ರಶ್ನಿಸಿದನು. ಹಲವು ಲಂಬಕೋನ ತ್ರಿಭುಜಗಳ ಬಾಹುಗಳ ಸರಾಸರಿ ತೆಗೆದು ತ್ರಿಭುಜ ರಚಿಸಿದರೆ ಅದು ಲಂಬಕೋನ ತ್ರಿಭುಜ ಆಗುವುದಿಲ್ಲ ಎಂದು ಅವನು ತೋರಿಸಿದನು. ನಮ್ಮ ಎಂಟು, ಒಂಬತ್ತನೆಯ ತರಗತಿಯವರು ಇದನ್ನು ತಾವೇ ಮಾಡಿ ನೋಡಬಹುದು. 3, 4, 5 ಬಾಹುಗಳ ತ್ರಿಭುಜವೂ 5, 12, 13 ಬಾಹುಗಳ ತ್ರಿಭುಜವೂ ಪೈಥಾಗೋರಸನ ಪ್ರಮೇಯಕ್ಕೆ ಸರಿಹೊಂದುತ್ತವೆ. ಅವುಗಳ ಸರಾಸರಿ 4, 8, 9. ನಾಲ್ಕರ ವರ್ಗ 16, ಎಂಟರ ವರ್ಗ 64, ಕೂಡಿಸಿದರೆ 80. ಒಂಬತ್ತರ ವರ್ಗವಾದರೋ 81. ಹಾಗೆಯೇ ಸಾವಿರ ಜನರ ಸರಾಸರಿ ಎತ್ತರ, ಸರಾಸರಿ ತೂಕ, ಸರಾಸರಿ ತೋಳು, ಸರಾಸರಿ ಕಾಲುಗಳನ್ನು ಜೋಡಿಸಿದರೆ ಬದುಕಬಲ್ಲ ಒಬ್ಬ ಮನುಷ್ಯ ಸಿಗುತ್ತಾನೆಂಬ ಭರವಸೆಯಿಲ್ಲ. ಸರಾಸರಿಯಿಂದ ಆಚೀಚೆ ಇರುವುದು ಯಾರ ತಪ್ಪೂ ಅಲ್ಲ. ಜೀವಿಗಳು ಇರುವ ರೀತಿಯೇ ಅದು.

ಕೀರ್ತಿ ಮತ್ತು ಕೊನೆಯ ದಿನಗಳು

ಕೆಟ್ಲೆಯ ಕೀರ್ತಿ ಯುರೋಪಿನಾದ್ಯಂತ ಹರಡಿತು. 1834ರಲ್ಲಿ ಲಂಡನಿನಲ್ಲಿ ಸಂಖ್ಯಾಶಾಸ್ತ್ರದ ಸಂಘ ಸ್ಥಾಪನೆಯಾಗುವುದಕ್ಕೆ ಅವನ ಪ್ರೇರಣೆ ಇತ್ತು. 1836ರಲ್ಲಿ ಬ್ರಸೆಲ್ಸಿಗೆ ಬಂದ ಜರ್ಮನಿಯ ಇಬ್ಬರು ರಾಜಕುಮಾರರಿಗೆ ಅವನು ಗಣಿತ ಕಲಿಸಿದನು. ಅವರಲ್ಲಿ ಕಿರಿಯವನಾದ ಆಲ್ಬರ್ಟ್ ಮುಂದೆ ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಪತಿಯಾದನು. 1853ರಲ್ಲಿ ಮೊದಲನೆಯ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಕೆಟ್ಲೆಯ ಪ್ರಯತ್ನದಿಂದಲೇ ಬ್ರಸೆಲ್ಸ್‌ನಲ್ಲಿ ನಡೆಯಿತು. ಆಕಾಶವನ್ನೂ ಅವನು ಮರೆತಿರಲಿಲ್ಲ. ಪ್ರತಿ ವರ್ಷ ಆಗಸ್ಟ್ ತಿಂಗಳಿನಲ್ಲಿ ಉಲ್ಕೆಗಳು ಹೆಚ್ಚಾಗಿ ಬೀಳುತ್ತವೆಂದು 1836ರಲ್ಲಿ ತೋರಿಸಿಕೊಟ್ಟವನು ಅವನೇ. ತೋಟದ ಗಿಡಗಳು ಯಾವ ದಿನ ಹೂ ಬಿಡುತ್ತವೆ ಎಂಬುದನ್ನು ಕೂಡ ವರ್ಷ ವರ್ಷವೂ ಬರೆದಿಡುತ್ತಿದ್ದನು.

1855ರಲ್ಲಿ ಅವನಿಗೆ ಪಾರ್ಶ್ವವಾಯು ತಗಲಿತು. ಅಷ್ಟೊಂದು ಅಂಕಿಗಳನ್ನು ಹೊತ್ತಿದ್ದ ತಲೆಯಲ್ಲಿ ನೆನಪು ಕುಂದಿತು. ಆದರೂ ಕೆಲಸ ಬಿಡಲಿಲ್ಲ. ವೀಕ್ಷಣಾಲಯದಲ್ಲಿ ಮಗ ಅರ್ನೆಸ್ಟ್ ಅವನಿಗೆ ನೆರವಾದನು. 1860ರಲ್ಲಿ ಲಂಡನಿನಲ್ಲಿ ನಡೆದ ಸಂಖ್ಯಾಶಾಸ್ತ್ರ ಸಮ್ಮೇಳನಕ್ಕೆ ಅವನು ಹೋದನು. ಅದನ್ನು ಉದ್ಘಾಟಿಸಿದವನು ಹಳೆಯ ಶಿಷ್ಯ ಆಲ್ಬರ್ಟ್. ಗಾಯಾಳುಗಳ ಸೇವೆಗೆ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ ಅವನನ್ನು ಭೇಟಿಯಾದುದು ಆ ಸಂದರ್ಭದಲ್ಲಿಯೇ. ಆಸ್ಪತ್ರೆಗಳ ಸಾವುಗಳನ್ನು ಅಂಕಿಗಳಿಂದ ಅಳೆದು ಸಾವಿರಾರು ಜೀವಗಳನ್ನು ಉಳಿಸಲು ಹೋರಾಡುತ್ತಿದ್ದ ಆಕೆ ಕೆಟ್ಲೆಯನ್ನು ಗುರುವಿನಂತೆ ಗೌರವಿಸಿದಳು. ಅವನು ಕಳುಹಿಸಿದ ಗ್ರಂಥದ ಅಂಚುಗಳಲ್ಲೆಲ್ಲ ತನ್ನ ಟಿಪ್ಪಣಿಗಳನ್ನು ಬರೆದುಕೊಂಡಳು.

ಎಪ್ಪತ್ತೆಂಟು ತುಂಬಲು ಐದು ದಿನ ಇರುವಾಗ, 1874ರ ಫೆಬ್ರವರಿ 17ರಂದು, ಕೆಟ್ಲೆ ಬ್ರಸೆಲ್ಸ್‌ನಲ್ಲಿ ತೀರಿಕೊಂಡನು. 1880ರಲ್ಲಿ ಅಲ್ಲಿನ ಅಕಾಡೆಮಿಯ ಆವರಣದಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು.

ಸೂತ್ರಕ್ಕೆ ಹೊಸ ಹೆಸರು

ಅವನ ಸೂತ್ರ ಮಾತ್ರ ಬಹುಕಾಲ ಬೆಳಕಿಗೆ ಬರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಜೀವವಿಮಾ ಕಂಪನಿಗಳು ಇಷ್ಟು ಎತ್ತರಕ್ಕೆ ಇಷ್ಟು ತೂಕ ಎಂಬ ಪಟ್ಟಿಗಳನ್ನು ಮಾಡಿಕೊಂಡವು. ಅವುಗಳಿಂದ ತೃಪ್ತನಾಗದ ಆನ್ಸೆಲ್ ಕೀಸ್ ಎಂಬ ಅಮೆರಿಕದ ಶರೀರವಿಜ್ಞಾನಿ ತನ್ನ ಸಂಗಡಿಗರೊಂದಿಗೆ ಐದು ದೇಶಗಳ 7,400ಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಪರೀಕ್ಷಿಸಿದನು. ಬೇರೆ ಬೇರೆ ಸೂತ್ರಗಳನ್ನು ಒರೆಗೆ ಹಚ್ಚಿದಾಗ ಕೆಟ್ಲೆಯ ಹಳೆಯ ಅನುಪಾತವೇ ಉಳಿದವುಗಳಿಗೆ ಸರಿಸಮವಾಗಿ ನಿಂತಿತು. 1972ರಲ್ಲಿ ಕೀಸ್ ಅದಕ್ಕೆ ದೇಹ ದ್ರವ್ಯರಾಶಿ ಸೂಚ್ಯಂಕ ಎಂಬ ಹೆಸರಿಟ್ಟನು. ಅದು ಪೂರ್ತಿ ತೃಪ್ತಿಕರವಾದ ಅಳತೆಯೆಂದು ಆತನೂ ಹೇಳಲಿಲ್ಲ. ಆದರೆ ಒಂದು ತಕ್ಕಡಿ, ಒಂದು ಅಳತೆಪಟ್ಟಿ ಇದ್ದರೆ ಸಾಕು, ಬೇರೇನೂ ಬೇಡ. ಆದ್ದರಿಂದಲೇ ಅದು ಲೋಕದ ಎಲ್ಲೆಡೆ ಬಳಕೆಗೆ ಬಂತು.

ಲೆಕ್ಕ ಮಾಡುವ ವಿಧಾನ ಹೀಗಿದೆ. ತೂಕವನ್ನು ಕಿಲೋಗ್ರಾಂನಲ್ಲಿ ತೆಗೆದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ. ಮೊದಲಿನ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿ. ಎತ್ತರ ಅಂಗುಲದಲ್ಲಿದ್ದರೆ 2.54ರಿಂದ ಗುಣಿಸಿ ಸೆಂಟಿಮೀಟರಿಗೆ ತಂದು, ಆಮೇಲೆ ನೂರರಿಂದ ಭಾಗಿಸಿದರೆ ಮೀಟರ್ ಆಗುತ್ತದೆ. ಒಬ್ಬ ತಂದೆಯ ಎತ್ತರ 5 ಅಡಿ 5 ಅಂಗುಲ, ತೂಕ 66 ಕಿಲೋ ಎಂದಿಟ್ಟುಕೊಳ್ಳೋಣ. 65 ಅಂಗುಲವೆಂದರೆ 1.65 ಮೀಟರ್. ಅದರ ವರ್ಗ 2.72. ಭಾಗಿಸಿದರೆ ಸುಮಾರು 24.2.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಲ್ಲಿ 18.5ಕ್ಕಿಂತ ಕಡಿಮೆಯಿದ್ದರೆ ತೂಕ ಸಾಲದು, 18.5ರಿಂದ 24.9ರವರೆಗೆ ಸರಿ, 25ರಿಂದ ಅಧಿಕ ತೂಕ, 30ರಿಂದ ಮೇಲೆ ಬೊಜ್ಜು. ಈ ಲೆಕ್ಕದಂತೆ ಆ ತಂದೆ ನಿಶ್ಚಿಂತನಾಗಿರಬಹುದು. ಆದರೆ ಅದೇ ಸೂಚ್ಯಂಕದ ಯುರೋಪಿಯನ್ನರಿಗಿಂತ ನಮ್ಮ ದೇಶದವರ ಮೈಯಲ್ಲಿ, ವಿಶೇಷವಾಗಿ ಹೊಟ್ಟೆಯ ಸುತ್ತ, ಕೊಬ್ಬು ಹೆಚ್ಚಾಗಿರುತ್ತದೆ; ಸಿಹಿಮೂತ್ರ ರೋಗವೂ ಹೃದಯದ ತೊಂದರೆಯೂ ಕಡಿಮೆ ಸಂಖ್ಯೆಯಲ್ಲಿಯೇ ಕಾಣಿಸಿಕೊಳ್ಳುತ್ತವೆ. ಆದುದರಿಂದ 2009ರಲ್ಲಿ ಭಾರತದ ತಜ್ಞರು ನಮ್ಮವರಿಗೆ 23ರಿಂದಲೇ ಅಧಿಕ ತೂಕ, 25ರಿಂದಲೇ ಬೊಜ್ಜು ಎಂದು ನಿಗದಿಪಡಿಸಿದರು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು ಎಂದೂ ಹೇಳಿದರು. ಹಾಗೆ ನೋಡಿದರೆ ನಮ್ಮ 24.2ರ ತಂದೆ ಈಗಲೇ ಎಚ್ಚರವಾಗಬೇಕು. ಮನುಷ್ಯ ಅದೇ, ಸಂಖ್ಯೆಯೂ ಅದೇ. ಯಾವ ಗುಂಪಿನೊಂದಿಗೆ ಹೋಲಿಸಿದರು ಎಂಬುದರ ಮೇಲೆ ತೀರ್ಮಾನ ಬದಲಾಯಿತು. ಬೆಟ್ಟದ ಊರಿನ ಲೆಕ್ಕ ಬಯಲಿನ ಊರಿಗೆ ಹೊಂದದೆಂದು ಕೆವರ್ಬರ್ಗ್ ಹೇಳಿದ್ದು ಇದನ್ನೇ ಅಲ್ಲವೇ?

ಇನ್ನೂ ಒಂದು ಕೊರತೆ ಇದೆ. ತಕ್ಕಡಿಗೆ ಮಾಂಸಖಂಡ ಯಾವುದು, ಕೊಬ್ಬು ಯಾವುದು ಎಂದು ತಿಳಿಯದು. ದಿನವಿಡೀ ಅಡಿಕೆ ಮರ ಏರಿ ಇಳಿಯುವ ಗಟ್ಟಿಮುಟ್ಟಾದ ಆಳು, ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ಗುಮಾಸ್ತ, ಇಬ್ಬರ ಸಂಖ್ಯೆಯೂ 25 ಇರಬಹುದು. ಇಬ್ಬರ ಆರೋಗ್ಯ ಒಂದೇ ಎಂದು ಯಾರೂ ಹೇಳಲಾರರು.

ಮಕ್ಕಳಿಗೂ ಹೆತ್ತವರಿಗೂ ಎರಡು ಮಾತು

ವಿದ್ಯಾರ್ಥಿ ಮಿತ್ರರೇ, ಮೇಲೆ ಹೇಳಿದ 18.5, 23, 25 ಎಂಬ ಗೆರೆಗಳು ನಿಮಗಲ್ಲ. ಅವು ಬೆಳವಣಿಗೆ ಮುಗಿಸಿದವರಿಗೆ ಮಾತ್ರ. ಹತ್ತು ವರ್ಷದ ಮಗುವಿನ ಎತ್ತರ 1.35 ಮೀಟರ್, ತೂಕ 30 ಕಿಲೋ ಇದ್ದರೆ ಸೂಚ್ಯಂಕ ಸುಮಾರು 16.5 ಬರುತ್ತದೆ. ದೊಡ್ಡವರ ಪಟ್ಟಿಯನ್ನು ನೋಡಿದರೆ ಬಡಕಲು ಎಂದು ಗಾಬರಿಯಾಗಬೇಕು. ಆದರೆ ಆ ವಯಸ್ಸಿಗೆ ಅದು ತಕ್ಕದ್ದೇ. ಹರೆಯದಲ್ಲಿ ತೂಕ ವೇಗವಾಗಿ ಏರುವುದನ್ನು ಕೆಟ್ಲೆ ಸುಮಾರು ಇನ್ನೂರು ವರ್ಷಗಳ ಹಿಂದೆಯೇ ಕಂಡಿದ್ದನು. ಹಾಗಾಗಿ ಮಕ್ಕಳಿಗೆ ವಯಸ್ಸಿಗೂ ಹುಡುಗ ಹುಡುಗಿ ಎಂಬ ಭೇದಕ್ಕೂ ಅನುಸಾರವಾಗಿ ಬೇರೆ ನಕ್ಷೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ 5ರಿಂದ 19 ವರ್ಷದವರಿಗೆ ನಕ್ಷೆಯನ್ನು ಹೊರತಂದಿತು. ನಮ್ಮ ದೇಶದ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ 5ರಿಂದ 18 ವರ್ಷದ ಭಾರತೀಯ ಮಕ್ಕಳ ನಕ್ಷೆಯನ್ನು ಸಿದ್ಧಪಡಿಸಿತು.

ಒಂದು ದಿನದ ಒಂದು ಸಂಖ್ಯೆಯಿಂದ ಹೆಚ್ಚೇನೂ ತಿಳಿಯದು. ವರ್ಷ ವರ್ಷವೂ ಅಳೆದು ನಕ್ಷೆಯಲ್ಲಿ ಗುರುತು ಹಾಕಿದಾಗ ಒಂದು ಗೆರೆ ಮೂಡುತ್ತದೆ. ಆ ಗೆರೆ ತನ್ನ ದಾರಿಯಲ್ಲಿ ಸಾಗುತ್ತಿದ್ದರೆ, ಮಗು ತೆಳ್ಳಗಿರಲಿ, ತುಂಬಿಕೊಂಡಿರಲಿ, ಸಾಮಾನ್ಯವಾಗಿ ಚಿಂತೆಗೆ ಕಾರಣವಿಲ್ಲ. ಗೆರೆ ಏಕಾಏಕಿ ಕೆಳಗಿಳಿದರೆ ಅಥವಾ ಮೇಲೆ ನೆಗೆದರೆ ವೈದ್ಯರಿಗೆ ತೋರಿಸಬೇಕು. ಹೆತ್ತವರು ಬೊಜ್ಜಿಗೆ ಮಾತ್ರ ಹೆದರಿ, ಸೊರಗಿದ ಮಗುವನ್ನು ಅದರ ಮೈಕಟ್ಟೇ ಹಾಗೆ ಎಂದು ಬಿಟ್ಟುಬಿಡಬಾರದು. ಮಕ್ಕಳೂ ಸಂಖ್ಯೆಗೆ ಅಂಜಿ ಬೆಳಗಿನ ತಿಂಡಿ ಬಿಡುವ, ಊಟ ಅರ್ಧಕ್ಕೇ ಏಳುವ ಸಾಹಸಕ್ಕೆ ಕೈಹಾಕಬಾರದು. ಹೊಟ್ಟೆ ತುಂಬ ಮನೆಯ ಊಟ, ಸಂಜೆ ಮೈ ಬೆವರುವಷ್ಟು ಆಟ, ರಾತ್ರಿ ಸಾಕಷ್ಟು ನಿದ್ದೆ, ಬೆಳೆಯುವ ಮೈಗೆ ಇಷ್ಟು ಬೇಕು.

ಕೆಟ್ಲೆ ಸಾವಿರಾರು ಜನರನ್ನು ಅಳೆದನು. ಅವರಲ್ಲಿ ಯಾರನ್ನೂ ಹೆಸರಿಟ್ಟು ಹಂಗಿಸಲು ಅಳೆಯಲಿಲ್ಲ. ಅವನ ಸಂಖ್ಯೆಯನ್ನು ಆ ಕೆಲಸಕ್ಕೆ ಬಳಸಿದವರು ನಾವು. ಈಗ ನಮ್ಮಲ್ಲಿ ತೂಕದ ದಿನ ಕ್ರಮ ಬದಲಾಗಿದೆ. ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆದು ತೂಗುತ್ತೇವೆ. ಅಂಕಿಯನ್ನು ಚೀಟಿಯಲ್ಲಿ ಬರೆದು ಮಡಚಿ ಆ ಮಗುವಿನ ಕೈಗೇ ಕೊಡುತ್ತೇವೆ. ಈ ಸಲ ಆ ದಿನ ಹೊಟ್ಟೆನೋವೆಂದು ಮನೆಯಲ್ಲಿ ಉಳಿದವರು ಬಹಳ ಕಡಿಮೆ. ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಆ ಚೀಟಿ ಮನೆಗೆ ಬಂದಾಗ ಅದನ್ನು ನೆರೆಮನೆಯ ಮಗುವಿನ ಚೀಟಿಯ ಪಕ್ಕದಲ್ಲಿ ಇಡಬೇಡಿ. ಕಳೆದ ವರ್ಷದ ನಿಮ್ಮ ಮಗುವಿನ ಚೀಟಿಯನ್ನೇ ಹುಡುಕಿ ತೆಗೆದು, ಎರಡನ್ನೂ ಮಗುವಿನೊಂದಿಗೆ ಕುಳಿತು ನೋಡಿ.